ನಾಳೆ ಇಡೀ ದಿನ ಇದೆ

ಕೀತ್ ರಾಥ್‌ವೆಲ್‌ಗೆ ತಾಳ್ಮೆ ಇರಲಿಲ್ಲ. ಮಿಕ್ಕದ್ದೆಲ್ಲ ಇತ್ತು: ಬೆಳಗಿನಿಂದ ಸಂಜೆಯವರೆಗೆ ಬೌಲ್ ಮಾಡಿದರೂ ಸೋಲದ ತೋಳು, ಸ್ಲಿಪ್‌ನಲ್ಲಿ ಚೆಂಡು ತಾನಾಗಿ ಬಂದು ಕೂರುವಂಥ ಅಂಗೈ, ಏಳನೆಯವನಾಗಿ ಬಂದು ಅರ್ಧ ಗಂಟೆಯಲ್ಲಿ ಪಂದ್ಯದ ದಿಕ್ಕನ್ನೇ ತಿರುಗಿಸುವ ಹುಕ್ ಹೊಡೆತ. ಆದರೆ ಇಂಗ್ಲೆಂಡಿನಲ್ಲಿ ಇಂಥವನನ್ನು ಆಲ್‌ರೌಂಡರ್ ಎನ್ನುತ್ತಾರೆ, ಬ್ಯಾಟ್ಸ್‌ಮನ್ ಎನ್ನುವುದಿಲ್ಲ. ಕೊರತೆ ತುಂಬಲು ಆಯ್ಕೆ ಸಮಿತಿ ಆಬ್ರಿ ಫೆನ್ವಿಕ್ ಎಂಬ ಹಳೆಯ ಆರಂಭಿಕ ಆಟಗಾರನನ್ನು ತರಬೇತುದಾರನಾಗಿ ನೇಮಿಸಿತು. ಫೆನ್ವಿಕ್ ಒಮ್ಮೆ ಇಡೀ ದಿನ ಆಡಿ ಮೂವತ್ತೆಂಟು ರನ್ ಮಾಡಿದ್ದ. ನೋಡಲು ಬಂದವರ ಪೈಕಿ ಎಚ್ಚರವಿದ್ದವರು ಅದನ್ನು ಇನ್ನೂ ಮರೆತಿರಲಿಲ್ಲ.

ನೆಟ್ಸ್‌ನಲ್ಲಿ ಚೆಂಡನ್ನು ಮುಟ್ಟದೆ ಬಿಟ್ಟರೆ ಫೆನ್ವಿಕ್ "ಭೇಷ್" ಎನ್ನುತ್ತಿದ್ದ. ಬೌಂಡರಿ ಹೊಡೆದರೆ ನಿಟ್ಟುಸಿರು ಬಿಡುತ್ತಿದ್ದ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಹುಕ್ ಹೋಯಿತು, ಸ್ವೀಪ್ ಹೋಯಿತು. ಬ್ಯಾಟ್ಸ್‌ಮನ್ ಆದವನು ದಣಿಯಬಾರದೆಂದು ಬೌಲಿಂಗೂ ಹೋಯಿತು. ರಾಥ್‌ವೆಲ್ ಆರನೇ ಕ್ರಮಾಂಕಕ್ಕೆ ಬಡ್ತಿ ಪಡೆದ.

ಸರಣಿಯಲ್ಲಿ ಆಸ್ಟ್ರೇಲಿಯಾ ಒಂದು ಪಂದ್ಯದಿಂದ ಮುಂದಿತ್ತು. ಮ್ಯಾಂಚೆಸ್ಟರಿನ ಈ ಕೊನೆಯ ಟೆಸ್ಟ್ ಗೆದ್ದರೆ ಸರಿಸಮ, ಗೆಲ್ಲದಿದ್ದರೆ ಸರಣಿ ಅವರ ಪಾಲು. ನಾಲ್ಕನೇ ದಿನದ ಸಂಜೆ ಇಂಗ್ಲೆಂಡಿಗೆ ಗೆಲ್ಲಲು ಹನ್ನೊಂದು ರನ್ ಬೇಕಿತ್ತು, ಕೈಯಲ್ಲಿ ಎರಡು ವಿಕೆಟ್ ಇದ್ದವು. ರಾಥ್‌ವೆಲ್ ನಾಲ್ಕು ಗಂಟೆ ನಿಂತು ನಲವತ್ತಮೂರು ಮಾಡಿದ್ದ. ಅಷ್ಟರಲ್ಲಿ ಮೋಡ ಕವಿಯಿತು. ಮಬ್ಬು ಬೆಳಕಿನಲ್ಲಿ ಆಡುವುದೋ ನಿಲ್ಲಿಸುವುದೋ ಎಂಬ ತೀರ್ಮಾನವನ್ನು ಆ ಕಾಲದಲ್ಲಿ ಬ್ಯಾಟ್ ಹಿಡಿದವರಿಗೇ ಬಿಡುತ್ತಿದ್ದರು. ಹಿರಿಯ ಅಂಪೈರ್ ಹತ್ತಿರ ಬಂದು, "ಏನ್ರಪ್ಪಾ, ಆಡ್ತೀರೋ, ಒಳಗೆ ಹೋಗ್ತೀರೋ? ನಿಮಗೆ ಬಿಟ್ಟಿದ್ದು" ಎಂದ.

ಹತ್ತನೆಯವನಾಗಿ ಬಂದಿದ್ದ ಬರ್ನಿ ಕ್ಲೆಗ್ ಆ ತುದಿಯಿಂದ ಓಡಿಬಂದ. ಮೂವತ್ತಾರರ ವೇಗದ ಬೌಲರ್. ಮಂಡಿ ಎರಡೂ ಕೈಕೊಟ್ಟಿದ್ದವು. ಆಸ್ಟ್ರೇಲಿಯನ್ನರ ವಿರುದ್ಧ ಒಂದು ಟೆಸ್ಟನ್ನೂ ಗೆಲ್ಲದ ಅವನಿಗೆ ಇನ್ನೊಂದು ಅವಕಾಶ ಇರಲಿಲ್ಲ.

"ಆಡ್ತೀವಿ ಅನ್ನೋ, ಯೋಚನೆ ಏನು ಮಾಡ್ತೀಯ? ಆ ಬೌಲರ್‌ನ ನೋಡು, ಓಡಿ ಬರೋದು ಬಿಟ್ಟು ನಡ್ಕೊಂಡು ಬರ್ತಿದ್ದಾನೆ. ಎರಡು ಸಿಕ್ಸರ್ ಕಣೋ! ಹೋದ ವರ್ಷದ ನೀನಾಗಿದ್ರೆ ಇಷ್ಟೊತ್ತಿಗೆ ಪಬ್ಬಲ್ಲಿ ಕೂತಿರ್ತಿದ್ವಿ."

"ಹೋದ ವರ್ಷದ ನಾನು ಏಳನೆಯವನಾಗಿ ಬರ್ತಿದ್ದೆ."

"ಗೆದ್ದೂ ಹೋಗ್ತಿದ್ದೆ."

"ಈ ಬೆಳಕಲ್ಲಿ ಒಂದು ವಿಕೆಟ್ ಬಿತ್ತು ಅಂದ್ರೆ ಕಥೆ ಮುಗೀತು, ಬರ್ನಿ. ನಿಜವಾದ ಬ್ಯಾಟ್ಸ್‌ಮನ್ ದುಡುಕಲ್ಲ. ನಾಳೆ ಇಡೀ ದಿನ ಇದೆ."

ಕ್ಲೆಗ್ ಅವನ ಮುಖವನ್ನೇ ನೋಡಿದ. "ನಾಳೆನಾ? ನೀನು ಹುಟ್ಟಿದ್ದು ಇದೇ ಊರಲ್ಲಿ ತಾನೆ? ನಮ್ಮಮ್ಮ ಇಲ್ಲಿ ಬಟ್ಟೆ ಒಣಗಿಹಾಕೋಕೂ ನಾಳೆಯನ್ನ ನಂಬ್ತಿರಲಿಲ್ಲ ಕಣೋ."

ರಾಥ್‌ವೆಲ್‌ನ ಕೈ ಒಮ್ಮೆ ತುರಿಸಿದ್ದು ನಿಜ. ಅದೇ ಹಳೆಯ ರೋಗವೆಂದು ಗುರುತಿಸಿ ಅವನು ಅದನ್ನು ಅಲ್ಲೇ ಹತ್ತಿಕ್ಕಿದ. ಫೆನ್ವಿಕ್ ಬಾಲ್ಕನಿಯಲ್ಲಿ ಕೈಕಟ್ಟಿ ನಿಂತಿದ್ದ, ಪಕ್ಕದಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷರು. ರಾಥ್‌ವೆಲ್ ಗ್ಲೌಸ್ ಕಳಚಿ, "ಒಳಗೆ ಹೋಗ್ತೀವಿ" ಎಂದ.

"ಬಹಳ ಒಳ್ಳೆ ತೀರ್ಮಾನ ಮಾರಾಯಾ!" ಎಂದು ಆಸ್ಟ್ರೇಲಿಯಾದ ವಿಕೆಟ್ ಕೀಪರ್ ಮನಸಾರೆ ಬೆನ್ನು ತಟ್ಟಿದ. ಬೌಲರ್ ಹುಲ್ಲಿನ ಮೇಲೆ ಅಂಗಾತ ಮಲಗಿ ಆಕಾಶಕ್ಕೆ ಕೈಮುಗಿದ. ಜನ ಕೂಗಾಡಿದರು. ಜನಕ್ಕೆ ಟೆಸ್ಟ್ ಕ್ರಿಕೆಟ್ ಎಲ್ಲಿ ಅರ್ಥವಾಗುತ್ತದೆ? ಮೆಟ್ಟಿಲಿನ ಬಳಿ ಫೆನ್ವಿಕ್ ಮೊದಲ ಬಾರಿಗೆ ಅವನ ಕೈ ಕುಲುಕಿ, "ಇವತ್ತು ನೀನು ಬ್ಯಾಟ್ಸ್‌ಮನ್ ಆದೆ ಮಗು" ಎಂದ. ಆ ರಾತ್ರಿ ರಾಥ್‌ವೆಲ್‌ಗೆ ಒಳ್ಳೆಯ ನಿದ್ದೆ ಬಂತು.

ಮರುದಿನ ಬೆಳಕು ಹರಿಯುವ ಮೊದಲೇ ಮಳೆ ಕೆಲಸಕ್ಕೆ ಹಾಜರಾಗಿತ್ತು. ಮ್ಯಾಂಚೆಸ್ಟರಿನಲ್ಲಿ ಅದಕ್ಕೆ ರಜೆ ಹಾಕಿ ಅಭ್ಯಾಸವಿಲ್ಲ. ಪಿಚ್ಚಿನ ಹೊದಿಕೆಯ ಮೇಲೆ ನೀರು ನಿಂತು ಬಾತುಗಳು ಬಂದಿಳಿದವು. ಆಟಗಾರರು ಪ್ಯಾಡ್ ಕಟ್ಟಿಕೊಂಡೇ ಇಸ್ಪೀಟು ಆಡಿದರು, ಹ್ಯಾಮ್ ಸ್ಯಾಂಡ್‌ವಿಚ್ ತಿಂದರು, ಮತ್ತೆ ಇಸ್ಪೀಟು ಆಡಿದರು. ರಾಥ್‌ವೆಲ್ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ.

"ಮಳೆಯನ್ನೇನು ನೋಡ್ತಿದ್ದೀಯೋ ಬ್ಯಾಟ್ಸ್‌ಮನ್ನು?" ಕ್ಲೆಗ್ ಎಲೆ ಎಸೆಯುತ್ತ ಕೇಳಿದ. "ಆಫ್ ಸ್ಟಂಪಿನ ಆಚೆ ಬೀಳ್ತಿದೆ. ಅದನ್ನೂ ಬಿಟ್ಬಿಡು."

ಯಾರೂ ನಗಲಿಲ್ಲ.

ಸಂಜೆ ನಾಲ್ಕಕ್ಕೆ ಅಂಪೈರ್‌ಗಳು ಕೊಡೆ ಹಿಡಿದು ನಡುವಿನವರೆಗೆ ಹೋಗಿ ಬಂದರು. ಪಂದ್ಯ ಡ್ರಾ ಆಯಿತು. ಕ್ಲೆಗ್ ಬೂಟನ್ನು ಕಸದ ಬುಟ್ಟಿಗೆ ಹಾಕಿ, ಬರಿಗಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಯಾರ ಕೈಯನ್ನೂ ಕುಲುಕದೆ ಹೊರಟುಹೋದ. ಅಧ್ಯಕ್ಷರು ಬಂದು ರಾಥ್‌ವೆಲ್‌ನ ಭುಜ ಹಿಡಿದು, ಚಳಿಗಾಲದ ಪ್ರವಾಸಕ್ಕೆ ಆರನೆಯ ಜಾಗ ನಿನ್ನದೇ, ಇಂಥ ಪಕ್ವತೆಯನ್ನೇ ನಾವು ಹುಡುಕುತ್ತಿದ್ದದ್ದು ಎಂದರು. ಇಂಗ್ಲೆಂಡಿಗೆ ಕೈಗೆ ಬಂದಿದ್ದ ಒಂದು ಟೆಸ್ಟ್ ಹೋಯಿತು, ಒಂದು ಸರಣಿ ಹೋಯಿತು, ಒಬ್ಬ ವೇಗದ ಬೌಲರ್ ಹೋದ. ಉಳಿದಿದ್ದ ವಿಕೆಟ್ ಮಾತ್ರ ಒಂದೂ ಹೋಗಲಿಲ್ಲ.