ಒಂದು ಹಿಡಿ ಕೊಸರು

"ಕೈ ಎತ್ತು ದೊಡ್ಡಮ್ಮ. ನಿನ್ನನ್ನ ನೋಡಿಯೇ ಈ ಕಾನೂನು ಮಾಡ್ತಿರೋದು," ಎಂದ ಸಂಜೆಯ ಸಭೆಯಲ್ಲಿ ಮಾರುಕಟ್ಟೆ ಸಮಿತಿಯ ಅಧ್ಯಕ್ಷ. ಅವಳ ಸ್ವಂತ ತಂಗಿಯ ಮಗ.

ಬೀನ್ಸ್ ಮಾರುವ ಈ ಮುದುಕಿಗೆ ಮಾರುಕಟ್ಟೆಯೇ ಇಟ್ಟ ಹೆಸರು ಕೊಸರಜ್ಜಿ. ತೂಕವಾದ ಮೇಲೆ ಇನ್ನೊಂದು ಹಿಡಿ ತೆಗೆದು ಗಿರಾಕಿಯ ಚೀಲಕ್ಕೆ ಹಾಕದಿದ್ದರೆ ಅವಳಿಗೆ ವ್ಯಾಪಾರ ಮಾಡಿದಂತೆಯೇ ಅಲ್ಲ. ಎದುರಿಗೆ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂದ ಮೇಲೆ ಉಳಿದವರೆಲ್ಲ ನೊಣ ಹೊಡೆಯುತ್ತ ಕೂತಿದ್ದರೂ ಅವಳ ಗಿರಾಕಿಗಳು ಮಾತ್ರ ಕದಲಿರಲಿಲ್ಲ. ಅದನ್ನು ನೋಡಿ ಸಮಿತಿಗೆ ಜ್ಞಾನೋದಯವಾಗಿತ್ತು: ಇನ್ನು ಮೇಲೆ ಎಲ್ಲರೂ ಕೊಸರು ಹಾಕಲೇಬೇಕು, ಹಾಕದವರ ಅಂಗಡಿ ಒಂದು ವಾರ ಬಂದ್.

ಅಜ್ಜಿ ಕೈ ಎತ್ತಲಿಲ್ಲ. ಬೆಳಗಿನಿಂದ ಕೂತು ಸೊಂಟ ಹಿಡಿದುಕೊಂಡಿತ್ತು. ಯಾವಾಗ ಮನೆ ಸೇರುತ್ತೇನೋ ಅನ್ನಿಸಿತ್ತು.

"ಬೇಡ ಕಣಪ್ಪ."

"ಯಾಕೆ? ಕೊಸರು ಹಾಕೋದು ತಪ್ಪಾ?"

"ತಪ್ಪು ಅಂತ ಯಾರಂದ್ರು? ಹಾಕದೇ ಹೋದ್ರೆ ನಂಗೆ ನಿದ್ದೆ ಬರಲ್ಲ. ಅದು ನನ್ನ ಹಣೆಬರಹ. ಅದನ್ನ ಇವಳ ತಲೆಗೆ ಯಾಕೆ ಕಟ್ತೀಯ?" ಪಕ್ಕದ ಈರುಳ್ಳಿಯವಳ ಕಡೆ ಗದ್ದದಲ್ಲೇ ತೋರಿಸಿದಳು. "ಗಂಡ ಹಾಸಿಗೆ ಹಿಡಿದಿದ್ದಾನೆ. ಇವಳು ಎಲ್ಲಿಂದ ತಂದು ಹಾಕ್ತಾಳೆ?"

"ಒಳ್ಳೇದನ್ನ ಎಲ್ರೂ ಮಾಡಲಿ ಅಂದ್ರೆ ಅಜ್ಜಿಗೆ ಹೊಟ್ಟೆಕಿಚ್ಚು!" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. "ಒಳ್ಳೇದು ಅಂತಲೇ ಬೇಡ ಅಂತಿರೋದು," ಅಂದಳು. ಅಷ್ಟರಲ್ಲಿ ಕೈಗಳು ಮೇಲೆದ್ದಿದ್ದವು. ಎಲ್ಲರಿಗಿಂತ ಕಡೆಗೆ ಈರುಳ್ಳಿಯವಳ ಕೈಯೂ ಅರ್ಧ ಎದ್ದಿತು, ಹೆದರಿಕೆಗೆ.

ಮರುದಿನ ಬೆಳಿಗ್ಗೆ ಗೇಟಿಗೆ ಹಲಗೆ ನೇತುಬಿದ್ದಿತ್ತು: 'ಕೊಸರು ನಿಮ್ಮ ಹಕ್ಕು. ಕೇಳಿ ಪಡೆಯಿರಿ.'

ಬೋಣಿಗೆ ಬಂದವರು ಎಂದಿನಂತೆ ರಿಟೈರಾದ ಮೇಷ್ಟ್ರು. ಇಬ್ಬರದೂ ವರ್ಷಗಳ ಜಗಳ. ಅವಳು ಹಿಡಿ ತುಂಬ ಕೊಸರು ಎತ್ತುವುದು, ಅವರು ಚೀಲ ಹಿಂದಕ್ಕೆಳೆದು, "ಸಾಕು ಕಣಮ್ಮ, ಸಾಕು! ಮನೆ ಹಾಳು ಮಾಡ್ಕೊಳ್ಳೋಕೆ ಕೂತಿದ್ದೀಯಾ?" ಎಂದು ಗದರುವುದು, ಅವಳು ಬಿಡದೆ ತುರುಕುವುದು. ದಿನದ ದುಡಿಮೆಯಲ್ಲಿ ಅವಳಿಗೆ ಖುಷಿ ಕೊಡುತ್ತಿದ್ದದ್ದು ಅದೊಂದೇ.

ತೂಕ ಮುಗಿಯಿತು. ಅಜ್ಜಿ ಹಿಡಿ ತುಂಬ ಬೀನ್ಸ್ ಎತ್ತಿ, ಗದರಿಕೆಗೆ ಕಾದಳು.

ಮೇಷ್ಟ್ರು ಚೀಲದ ಬಾಯಿ ಅಗಲ ಮಾಡಿ ಹಿಡಿದರು. ಬೀನ್ಸ್ ಬಿತ್ತು. ಒಳಗೆ ಇಣುಕಿ ನೋಡಿದರು. ಆಮೇಲೆ ಈರುಳ್ಳಿಯವಳ ಕಡೆ ತಿರುಗಿದರು. ಚೀಲದ ಬಾಯಿ ತೆರೆದೇ ಇತ್ತು.