ಡೀಸೆಲ್ ಉಳಿಸುವ ಗುಟ್ಟು

ಕಳ್ಳ ಎಲ್ಲಿ ಬಸ್ ತಿರುಗಿಸುತ್ತಾನೋ ನೋಡಿಯೇಬಿಡೋಣ ಎಂದು ತನಿಖಾಧಿಕಾರಿ ಸಮವಸ್ತ್ರ ಬಿಟ್ಟು, ಮಾಸಿದ ಅಂಗಿ ತೊಟ್ಟು, ಹಿಂಬಾಗಿಲ ಪಕ್ಕದ ಸೀಟಿನಲ್ಲಿ ಕುಳಿತಿದ್ದ. ನೌಕರರು ಅವನಿಗೆ ಇಟ್ಟ ಹೆಸರು ಕತ್ತರಿ. ಯಾರದಾದರೂ ನೌಕರಿ ಕತ್ತರಿಸದೆ ಅವನು ಬಸ್ಸಿನಿಂದ ಇಳಿದದ್ದಿಲ್ಲ.

ಇವತ್ತಿನ ಬೇಟೆ ಈ ಬಸ್ಸಿನ ಡ್ರೈವರ್. ಖರ್ಚು ಇಳಿಸಲೆಂದು ನಿಗಮ ಕಂಡಕ್ಟರುಗಳನ್ನು ತೆಗೆದ ಮೇಲೆ ಟಿಕೆಟ್ ಕೊಡುವವನೂ ಅವನೇ. ಖರ್ಚು ಇಳಿದರೂ ನಷ್ಟ ಇಳಿಯಲಿಲ್ಲ. ಕಾದು ಕಾದು ಕಾಲು ಸೋತ ಜನ 'ಸಾರಿಗೆ ನಿಗಮ' ಎಂಬ ಸರ್ಕಾರಿ ಬೋರ್ಡನ್ನು 'ಸಾರಿ, ನಿರ್ಗಮ' ಎಂದೇ ಓದುತ್ತಿದ್ದರು. ಅಂಥಾದ್ದರಲ್ಲಿ ಇವನೊಬ್ಬನ ಬಸ್ ಮಾತ್ರ ಉಳಿದೆಲ್ಲ ಬಸ್ಸುಗಳಿಗಿಂತ ಕಡಿಮೆ ಡೀಸೆಲ್ ಕುಡಿಯುತ್ತಿತ್ತು. ಟೈರ್ ಸವೆಯುತ್ತಿರಲಿಲ್ಲ. ಬ್ರೇಕ್ ಕೆಡುತ್ತಿರಲಿಲ್ಲ.

ಎಂ.ಡಿ. ಸಾಹೇಬರಿಗೆ ಇದು ಪವಾಡ. "ಆ ಗುಟ್ಟು ನನಗೆ ಬೇಕು," ಎಂದು ಪ್ರಗತಿ ಪರಿಶೀಲನಾ ಸಭೆಯಲ್ಲಿ ಮೇಜು ಕುಟ್ಟಿದ್ದರು. ಡಿಪೋ ಮ್ಯಾನೇಜರಿಗೆ ಇದು ಕಳ್ಳತನ. ಅವರು ಬಾಯಿ ತೆರೆಯುವ ಮೊದಲು ಕೆಟ್ಟ ಸ್ಟಾರ್ಟರಿನಂತೆ ಗಂಟಲು ಕೆರೆಯುತ್ತಿದ್ದರು. "ಖ್ರ್... ಖ್ರ್... ಡೀಸೆಲ್ ಅಷ್ಟು ಉಳಿದಿದೆ ಅಂದ್ರೆ, ಖ್ರ್, ಬಸ್ ಓಡಿಲ್ಲ ಅಂತಲೇ ಅರ್ಥ. ಅರ್ಧ ದಾರೀಲಿ ತಿರುಗಿಸ್ಕೊಂಡು ಬಂದು ಪೂರ್ತಿ ಓಡಿಸಿದೆ ಅಂತ ಬರೆಸ್ತಾನೆ. ಹಿಡಿದು ಮನೆಗೆ ಕಳಿಸ್ರೀ."

ಬಸ್ ಅರ್ಧ ದಾರಿಯಲ್ಲಿ ತಿರುಗಲಿಲ್ಲ. ಏರಿನಲ್ಲಿ ಇಂಜಿನ್ ಗೊಣಗಲಿಲ್ಲ. ತಿರುವಿನಲ್ಲಿ ಯಾರ ಹೆಗಲೂ ಯಾರಿಗೂ ತಾಗಲಿಲ್ಲ. ನಿಲ್ದಾಣ ಇನ್ನೂ ದೂರವಿರುವಾಗಲೇ ವೇಗ ತಾನಾಗಿ ಕರಗುತ್ತಿತ್ತು. ಯಾರಾದರೂ ಓಡಿ ಬರುವುದು ಕಂಡರೆ, ಅವರು ಹತ್ತಿ ಕೂರುವವರೆಗೂ ಚಕ್ರ ಕದಲುತ್ತಿರಲಿಲ್ಲ.

"ಇದಕ್ಕೆ ನಾವು ತೊಟ್ಟಿಲು ಅಂತೀವಿ," ಎಂದ ಪಕ್ಕದಲ್ಲಿದ್ದ ದರ್ಜಿ. "ನಿದ್ದೆಗೆ ಬೇರೆ ಟಿಕೆಟ್ ಇಟ್ಟರೆ ನಿಗಮ ಲಾಭಕ್ಕೆ ಬರುತ್ತೆ ಸ್ವಾಮಿ. ಬೇರೆ ಡಿಪೋದಲ್ಲಿದ್ದಾಗ ಇವನು ಬಿರುಗಾಳಿ ಆಗಿದ್ದನಂತೆ. ನೋಡಿ, ಅಮ್ಮ ಹಿಂದೆ ಕೂತರೆ ಎಂಥವನೂ ಸಾಧು ಆಗ್ತಾನೆ."

ಕತ್ತರಿ ಆಗಲೇ ನೋಡಿದ್ದ. ಡ್ರೈವರನ ಬೆನ್ನಿಗೆ ಅಂಟಿದಂತಿದ್ದ ಸೀಟಿನಲ್ಲಿ ಒಬ್ಬ ಮುದುಕಿ. ಡ್ರೈವರ್ ಎದ್ದು ಬಂದು, ಕೈ ಹಿಡಿದು ಹತ್ತಿಸಿ ಕೂರಿಸಿದ್ದ. ಎಲ್ಲರಿಗೂ ಟಿಕೆಟ್ ಕೊಟ್ಟವನು ಅವಳಿಗೆ ಕೊಡಲಿಲ್ಲ. ಕೊನೆಯ ನಿಲ್ದಾಣ ಬಂದರೂ ಅವಳು ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ವಾಪಸು ಹೊರಟಳು. ಟಿಕೆಟ್ ಇಲ್ಲದವರು ಬಸ್ಸಿನಲ್ಲಿ ಸಿಕ್ಕರೆ ಡ್ರೈವರನ ಕೆಲಸ ಹೋಯಿತು. ನಿಯಮದಲ್ಲಿ ಎರಡನೆಯ ಮಾತಿಲ್ಲ.

ಕತ್ತರಿ ಮುಂದೆ ಹೋಗಿ ಅವಳ ಪಕ್ಕ ಕುಳಿತ.

"ಎಲ್ಲಿಗಮ್ಮಾ ಪ್ರಯಾಣ?"

"ಇವನು ಎಲ್ಲಿಗೆ ಹೋಗ್ತಾನೋ ಅಲ್ಲಿಗೆ. ಇವನು ಗಾಡಿ ಓಡಿಸುವಾಗ ನಾನು ಹಿಂದೆ ಕೂತಿರಬೇಕಪ್ಪ. ಮನೇಲಿದ್ದರೆ ಕೂತಲ್ಲಿ ಕೂರಕ್ಕಾಗಲ್ಲ, ನಿಂತಲ್ಲಿ ನಿಲ್ಲಕ್ಕಾಗಲ್ಲ."

"ದಿನಾನೂ?"

"ಅವನಿಗೆ ರಜೆ ಇದ್ದ ದಿನ ನನಗೂ ರಜೆ."

"ಮಗನ ಮೇಲೆ ಅಷ್ಟು ಕಾಳಜಿ ಅನ್ನಿ."

ಮುದುಕಿ ಕಿಟಕಿಯಾಚೆ ನೋಡಿದಳು. "ನನ್ನ ಮಗನದು ಬರೀ ಆತುರ. ಬಸ್ಸು ಅಂದರೆ ಪ್ರಾಣ. ಚಿಕ್ಕವನಿದ್ದಾಗ ಹಾರನ್ ಕೇಳಿದರೆ ಸಾಕು, ತಟ್ಟೆ ಬಿಟ್ಟು ಬೀದಿಗೆ ಓಡೋನು. ನಿಧಾನ ಕಣೋ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು."

"ಇರಲಿ ಬಿಡಿ, ಈಗ ನಿಧಾನ ಬಂದಿದೆಯಲ್ಲ."

ಅವಳು ಮುಂದಕ್ಕೆ ಬಾಗಿ, "ಶಾಲೆ ಬಂತು," ಎಂದಳು.

"ಕಂಡೆನಮ್ಮ," ಎಂದ ಡ್ರೈವರ್. ಬಸ್ ನಡಿಗೆಯ ವೇಗಕ್ಕಿಳಿಯಿತು.

ಕತ್ತರಿ ಗುರುತಿನ ಚೀಟಿಗೆಂದು ಜೇಬಿಗಿಳಿಸಿದ್ದ ಕೈಯನ್ನು ಬರಿದಾಗಿಯೇ ಹೊರತೆಗೆದ. ಹೆತ್ತವಳನ್ನು ಕೂರಿಸಿಕೊಂಡದ್ದಕ್ಕೆ ಮಗನ ಅನ್ನ ಕೀಳುವಷ್ಟು ಅವನೂ ಹರಿತವಾಗಿರಲಿಲ್ಲ.

ಸಂಜೆ ಮುದುಕಿ ತನ್ನ ಬೀದಿಯಲ್ಲಿ ಇಳಿದುಹೋದಳು. ಬಸ್ ಡಿಪೋ ಸೇರಿದ ಮೇಲೆ ಕತ್ತರಿ ಗುರುತಿನ ಚೀಟಿ ತೋರಿಸಿದ. ಡ್ರೈವರ್ ಸ್ಟೀರಿಂಗಿನ ಮೇಲಿಂದ ಕೈ ತೆಗೆಯಲಿಲ್ಲ.

"ನಾಳೆಯಿಂದ ಬರೋದು ಬೇಡ್ವಾ ಸರ್?"

"ಪೂರ್ತಿ ಕೇಳು ಮೊದಲು. ತಾಯಿಯನ್ನ ಪುಕ್ಕಟೆ ಕೂರಿಸ್ಕೊಂಡು ತಿರುಗೋದು ತಪ್ಪು. ನೌಕರರ ತಾಯಂದಿರಿಗೆ ನಿಗಮವೇ ಪಾಸ್ ಕೊಡುತ್ತಲ್ಲಯ್ಯ. ಅರ್ಜಿ ಹಾಕು, ನಾನೇ ಸಹಿ ಮಾಡಿಸ್ತೀನಿ."

"ಅವರಿಗೆ ಕೊಡಲ್ಲ ಸರ್."

"ಯಾಕೆ ಕೊಡಲ್ಲ?"

ಡ್ರೈವರ್ ಎದುರಿನ ಗಾಜನ್ನೇ ನೋಡುತ್ತಾ ತಗ್ಗಿದ ದನಿಯಲ್ಲಿ ಹೇಳತೊಡಗಿದ. ಕೇಳುತ್ತಾ ಕೇಳುತ್ತಾ ಕತ್ತರಿ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ. ಕೊನೆಗೆ ಎದ್ದು, "ಆಯಮ್ಮನ ಪಾಸಿನ ದುಡ್ಡು ನಾನು ಕಟ್ತೀನಿ. ಕಟ್ಟಿದ್ದು ಯಾರು ಅಂತ ನೀನು ಬಾಯಿ ಬಿಡಬೇಡ," ಎಂದ. ಅವತ್ತು ಅವನು ಏನನ್ನೂ ಕತ್ತರಿಸದೆ ಬಸ್ಸಿನಿಂದ ಇಳಿದ.

ಮುಂದಿನ ಪರಿಶೀಲನಾ ಸಭೆಯಲ್ಲಿ, "ಕಳ್ಳತನ ಏನೂ ಇಲ್ಲ. ಪೂರ್ತಿ ದಾರಿ ಓಡಿಸ್ತಾನೆ," ಎಂದು ವರದಿ ಒಪ್ಪಿಸಿದ. ಡಿಪೋ ಮ್ಯಾನೇಜರರ ಸ್ಟಾರ್ಟರ್ ಒಮ್ಮೆ ಖ್ರ್ ಎಂದು ನಿಂತುಹೋಯಿತು. ಎಂ.ಡಿ. ಸಾಹೇಬರು ಕುರ್ಚಿಯ ತುದಿಗೆ ಬಂದರು.

"ಹಾಗಾದರೆ ಗುಟ್ಟೇನ್ರೀ? ತರಬೇತಿಯಾ? ಇಂಜಿನ್ನಿಗೆ ಏನಾದರೂ ಜೋಡಿಸಿದ್ದಾನಾ? ಎಷ್ಟು ಖರ್ಚಾದರೂ ಆಗಲಿ, ಪ್ರತಿ ಬಸ್ಸಿಗೂ ಹಾಕಿಸೋಣ."

"ಅದು ಆಗಲ್ಲ ಸರ್."

"ಯಾಕೆ ಆಗಲ್ಲ?"

"ಪ್ರತಿ ಡ್ರೈವರನ ಬೆನ್ನ ಹಿಂದೆ, ಅವನ ಚಕ್ರಕ್ಕೆ ಸಿಕ್ಕಿ ಸತ್ತವನ ತಾಯಿಯನ್ನ ಕೂರಿಸಬೇಕಾಗುತ್ತೆ."