ಏಳನೇ ಮಂಚದ ಅಜ್ಜಿ

"ಮುಚ್ಚು ಅದನ್ನ," ಎಂದಳು ಏಳನೇ ಮಂಚದ ಅಜ್ಜಿ.

ತೆರೆದ ಸತ್ಯವೇದ, ಆಸ್ಪತ್ರೆಗೆ ಅಜ್ಜಿಯನ್ನು ನೋಡಲು ಬಂದಿದ್ದ ಯುವತಿಯ ತೊಡೆಯ ಮೇಲೇ ಉಳಿಯಿತು. ಇದು ಒಂಬತ್ತನೆಯ ಬುಧವಾರ. ಇಷ್ಟು ವಾರಗಳಲ್ಲಿ ಅಜ್ಜಿ ಒಂದು ವಾಕ್ಯವನ್ನೂ ಪೂರ್ತಿ ಓದಗೊಟ್ಟಿರಲಿಲ್ಲ, ಒಂದು ಪ್ರಾರ್ಥನೆಗೂ ಆಮೆನ್ ಅಂದಿರಲಿಲ್ಲ. ಮುರಿದ ಸೊಂಟಕ್ಕೆ ಮಾಡಿದ ಮೊದಲ ಶಸ್ತ್ರಚಿಕಿತ್ಸೆ ಫಲ ಕೊಟ್ಟಿರಲಿಲ್ಲ. ನಾಳೆ ಬೆಳಗ್ಗೆ ಎರಡನೆಯದು. ಹೃದಯ ಅದನ್ನು ತಡೆದುಕೊಂಡೀತೆಂದು ವೈದ್ಯರು ಖಂಡಿತವಾಗಿ ಹೇಳುತ್ತಿರಲಿಲ್ಲ.

"ಇವತ್ತೊಂದು ದಿನ ಕೇಳಿ ಅಜ್ಜಿ. ನಾಳೆ..."

"ನಾಳೇದು ನಾಳೆಗಾಯ್ತು. ನೀನು ಬೆಳಗ್ಗೆ ಏನು ತಿಂದೆ?"

ಬಂದಾಗಲೆಲ್ಲ ಇದೇ. ಏನು ತಿಂದೆ, ಎಷ್ಟು ಹೊತ್ತು ಮಲಗಿದೆ, ಕೆಲಸ ಮಾಡುವ ಗ್ರಂಥಾಲಯದಲ್ಲಿ ಇವತ್ತು ಯಾರ ಜೊತೆಗಾದರೂ ಎರಡು ಮಾತಾಡಿದೆಯಾ. ಮಾತು ಮರೆಸುವುದರಲ್ಲಿ ಅಜ್ಜಿ ನಿಸ್ಸೀಮಳು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು, ಎದುರಿಗಿದ್ದವರ ಅಳತೆಯನ್ನು ಕಣ್ಣಲ್ಲೇ ತೆಗೆಯುತ್ತಿದ್ದಳು.

"ಭುಜ ಇನ್ನೂ ಒಂದಿಂಚು ಇಳಿದಿದೆ. ನೀನು ಬಟ್ಟೆ ಹಾಕ್ಕೊಂಡಿದೀಯೋ, ಬಟ್ಟೆ ನಿನ್ನ ಹಾಕ್ಕೊಂಡಿದೆಯೋ?"

ಪಕ್ಕದ ಮಂಚದವಳು ಕಿಸಕ್ಕನೆ ನಕ್ಕಳು. ಅಜ್ಜಿ ತಟ್ಟೆಯಲ್ಲಿದ್ದ ಎರಡು ಬಿಸ್ಕತ್ತನ್ನು ಇತ್ತ ತಳ್ಳಿದಳು. "ನನಗೆ ಸೇರಲ್ಲ. ಬಿಸಾಡೋ ಬದಲು ತಿನ್ನು."

ಅವಳು ತಿಂದಳು. ಮುದುಕಿಯನ್ನು ಒಲಿಸಿಕೊಳ್ಳಲು ಇಷ್ಟಾದರೂ ಮಾಡಬೇಕಲ್ಲ.

ಯುವತಿಯ ಗಂಡ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅಂದಿನಿಂದ ಅವಳ ಪ್ರಾರ್ಥನೆ ಬರೀ ತುಟಿಯ ಮೇಲಿನ ಮಾತಾಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಸಮಾಧಾನ ಹೇಳಲು ಬಂದ ಚರ್ಚ್ ಸಭೆಯ ಹೆಂಗಸರನ್ನು, ಚೆನ್ನಾಗಿದ್ದೇನೆ ಎಂದು ಬಾಗಿಲಲ್ಲೇ ಕಳಿಸಿದ್ದಳು. ಪಾದ್ರಿಗಳಿಗೂ ಅದೇ ಉತ್ತರ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಅವಳಿಗೆ ಆಗಿಬರುತ್ತಿರಲಿಲ್ಲ.

ಆಮೇಲೊಂದು ದಿನ ಪಾದ್ರಿ ಬೇರೆಯೇ ಮಾತು ತೆಗೆದರು. ಕಷ್ಟದಲ್ಲಿರುವವರನ್ನು ವಾರಕ್ಕೊಮ್ಮೆ ಕಂಡು ಬರುವ ಗುಂಪೊಂದು ಸಭೆಯಲ್ಲಿತ್ತು. ಅದಕ್ಕೆ ಜನ ಸಾಲದಾಗಿತ್ತಂತೆ.

"ಏಳನೇ ಮಂಚಕ್ಕೆ ನೀನು ಹೋಗಮ್ಮ. ಹಠದ ಹೆಂಗಸು. ಆದರೆ ಒಂದು ವಾರನೂ ತಪ್ಪಿಸಬೇಡ. ಅಲ್ಲಿ ತುಂಬಾ ಅಗತ್ಯ ಇದೆ."

ಇದಕ್ಕೆ ಅವಳು ಕೂಡಲೇ ಒಪ್ಪಿದಳು. ಕೊಡುವ ಕೈ ಯಾವಾಗಲೂ ಮೇಲಿರುತ್ತದೆ. ಈ ಒಂದು ಮೊಂಡು ಜೀವವನ್ನು ಬಾಗಿಸಿ ದೇವರ ಮುಂದೆ ತಂದರೆ, ದೇವರು ತನ್ನ ಕಡೆಗೂ ಒಮ್ಮೆ ತಿರುಗಿ ನೋಡಿಯಾನು ಎಂಬ ಆಸೆ ಒಳಗೇ ಇತ್ತು. ಈಗ ಆ ಆಸೆಗೆ ಉಳಿದಿದ್ದುದು ಇವತ್ತಿನ ಮಧ್ಯಾಹ್ನ ಮಾತ್ರ.

"ನಿಮಗೆ ದೇವರ ಭಯ ಇಲ್ವಾ ಅಜ್ಜಿ?"

"ನಿನಗೆ?"

"ನಾನು ನಿಮಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಿ."

"ನನಗೋಸ್ಕರ ಮಾಡ್ತೀಯ, ಸಂತೋಷ. ನಿನಗೋಸ್ಕರ ಕೊನೇ ಸಲ ಏನು ಕೇಳ್ಕೊಂಡೆ?" ಅಜ್ಜಿ ಅವಳ ಮುಂಗೈ ಹಿಡಿದಳು. ಸೂಜಿ ಹಿಡಿದು ಒರಟಾದ ಬೆರಳುಗಳು. "ಅವನ ಅಂಗಿಗಳು ಇನ್ನೂ ಬೀರುವಿನಲ್ಲೇ ನೇತಾಡ್ತಿವೆ, ಅಲ್ವಾ ಮಗಳೇ?"

ಅವಳು ಕೈ ಕಿತ್ತುಕೊಂಡಳು. ಗಂಡನ ವಿಷಯವನ್ನು ಈ ಮಂಚದ ಬಳಿ ಅವಳು ಒಂದು ದಿನವೂ ಎತ್ತಿರಲಿಲ್ಲ. ಯಾರೋ ಚಾಡಿ ಹೇಳಿದ್ದಾರೆ. ಎಲ್ಲಿಂದಲೋ ಕೆದಕಿ ತಿಳಿದುಕೊಂಡಿದ್ದಾಳೆ ಮುದುಕಿ.

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ," ಎಂದಳು.

"ಅದೇ ನೋಡ್ತಿದೀನಿ," ಎಂದಳು ಅಜ್ಜಿ.

ಅವಳು ಎದ್ದು ಹೊರಟಳು. ಬಾಗಿಲ ಬಳಿ ತಿರುಗಿದಾಗ ಎಂದಿನಂತೆ ಅಜ್ಜಿ ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದಳು. ಪ್ರತಿ ಬುಧವಾರವೂ ಇವಳ ಬೆನ್ನ ಹಿಂದೆ ಹೀಗೇ. ಶಾಪವೇ ಇರಬೇಕು.

ಮೆಟ್ಟಿಲಿನಲ್ಲಿ ಅಳು ಬಂತು. ಹನ್ನೊಂದು ತಿಂಗಳಲ್ಲಿ ಮೊದಲ ಸಲ. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಇದು ಸಿಟ್ಟಿನ ಅಳು ಎಂದು ತನಗೇ ಹೇಳಿಕೊಂಡು, ಮುಖ ಒರೆಸಿ, ನೇರ ಸಭೆಯ ಕಚೇರಿಗೆ ನಡೆದಳು.

ಪಾದ್ರಿ ಇರಲಿಲ್ಲ. ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿದ್ದ ಗುಮಾಸ್ತೆ ಊಟದ ಡಬ್ಬಿ ಮುಚ್ಚುತ್ತಿದ್ದಳು.

"ನನ್ನ ಕೈಲಾಗಲ್ಲ. ಏಳನೇ ಮಂಚಕ್ಕೆ ಬೇರೆ ಯಾರನ್ನಾದರೂ ಹಾಕಿ. ಅಷ್ಟು ಅಹಂಕಾರದ ಹೆಂಗಸನ್ನ ನಾನು ಕಂಡಿಲ್ಲ."

"ಕೂತ್ಕೊಳ್ಳಿ ಅಕ್ಕ, ನೀರು ಕುಡೀರಿ." ಗುಮಾಸ್ತೆ ಕಡತ ತೆರೆದು, ಭೇಟಿ ಬೇಕಾದವರ ಪಟ್ಟಿಯ ಮೇಲೆ ಬೆರಳಾಡಿಸಿದಳು. ಎರಡು ಸಲ. "ಇದರಲ್ಲಿ ಆ ಅಜ್ಜಿ ಇಲ್ವಲ್ಲ."

"ಸರಿಯಾಗಿ ನೋಡಿ. ಒಂಬತ್ತು ವಾರದಿಂದ ಹೋಗ್ತಿದೀನಿ."

"ನಾನೂ ಕನ್ನಡಕ ಹಾಕ್ಕೊಂಡೇ ನೋಡ್ತಿದೀನಿ ಅಕ್ಕ. ಇರಿ, ಇನ್ನೊಂದು ಕಡತ ಇದೆ." ಹಾಳೆಗಳು ಮಗುಚಿದವು. "ಹಾಂ, ಇಲ್ಲಿದ್ದಾರೆ, ಭೇಟಿಗೆ ಹೋಗುವವರ ಪಟ್ಟೀಲಿ. ಜೊತೆಗೆ ಒಂದು ಕಾಗದನೂ ಇದೆ, ನೀವೇ ಓದ್ಕೊಳ್ಳಿ."

ಕಾಗದದ ಮೇಲೆ ಎರಡು ತಿಂಗಳ ಹಿಂದಿನ ತಾರೀಕು. ಮಲಗಿಕೊಂಡೇ ಬರೆದ ಸೊಟ್ಟ ಅಕ್ಷರಗಳು.

"ಪಾದ್ರಿಗಳಿಗೆ ವಂದನೆ. ನೀವು ನನಗೆ ವಹಿಸಿದ್ದ ಆ ಗ್ರಂಥಾಲಯದ ಹುಡುಗಿಯ ಮನೆಗೆ ಹೊರಟವಳು ದಾರಿಯಲ್ಲೇ ಬಿದ್ದು ಸೊಂಟ ಮುರಿದುಕೊಂಡೆ. ಇನ್ನು ನಾನು ಹೋಗಲಾರೆ, ಅವಳನ್ನೇ ನನ್ನ ಹತ್ತಿರ ಕಳಿಸಿ. ಸಹಾಯ ಬೇಕಾಗಿರುವುದು ನನಗೆ ಎಂದು ಹೇಳಿ, ಇಲ್ಲದಿದ್ದರೆ ಬರುವವಳಲ್ಲ."